ಒಗೆಯುವ ಕಲ್ಲಿನ ಅಡಿಯ ಚೇಳು ಮತ್ತು ಅದರ 43 ಕೋಟಿ ವರ್ಷದ ಕತೆ

ಮಿರಗದ ಮಳೆ ಬಿದ್ದ ಮರುದಿನ ಬೆಟಗೇರಿಯ ನಮ್ಮ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು ಸರಿಸಿದೆವು. ಅಡಿಯಲ್ಲಿ ನನ್ನ ನಡುಬೆರಳಿಗಿಂತ ಉದ್ದದ ಒಂದು ಕರಿ ಚೇಳು ಕೂತಿತ್ತು. ಅದರ ಬೆನ್ನಿಗೆ ಅನ್ನದ ಅಗುಳು ಅಂಟಿದ ಹಾಗೆ ಬೆಳ್ಳಗೆ ಏನೋ ಕಾಣಿಸಿತು. ಬಗ್ಗಿ ನೋಡಿದರೆ ಮರಿಗಳು! ಇಪ್ಪತ್ತಕ್ಕೂ ಜಾಸ್ತಿ ಇದ್ದವು, ಒಂದರ ಮೇಲೊಂದು ಹತ್ತಿ ಕೂತಿದ್ದವು. ತಾಯಿ ಓಡಲಿಲ್ಲ. ಕೊಂಡಿ ಎತ್ತಿ, ಎರಡೂ ಇಕ್ಕಳ ಅಗಲಿಸಿ ಅಲ್ಲೇ ನಿಂತಿತು.

ಪಕ್ಕದ ಮನೆಯ ಆಯಿ ಗೋಡೆ ಆಚೆಯಿಂದ ಇಣುಕಿ, "ಮುಟ್ಟಬ್ಯಾಡ ತಮ್ಮಾ, ಮರಿ ತಾಯಿ ಹೊಟ್ಟಿ ಒಡಕೊಂಡ ಬಂದಾವ. ಇನ್ನ ಅದು ಉಳಿಯೂದಿಲ್ಲ" ಅಂದರು. ಸಣ್ಣವನಿದ್ದಾಗಿನಿಂದ ಈ ಮಾತು ಕೇಳಿದ್ದೇನೆ. ಆದರೆ ಕಣ್ಣೆದುರಿನ ತಾಯಿ ಚೆನ್ನಾಗಿಯೇ ಇತ್ತು.

ಕಲ್ಲನ್ನು ಮೆಲ್ಲಗೆ ಮೊದಲಿನ ಹಾಗೇ ಇಟ್ಟು, ಮಕ್ಕಳು ಆ ಕಡೆ ಹೋಗದಂತೆ ಹಳೆಯ ಬಾಗಿಲೊಂದನ್ನು ಅಡ್ಡ ನಿಲ್ಲಿಸಿದೆವು. ಸಂಜೆಯೊಳಗೆ ಓಣಿಯ ಇನ್ನೆರಡು ಮನೆಯವರೂ ಮೊಬೈಲಿನಲ್ಲಿ ಚೇಳಿನ ಫೋಟೊ ತೋರಿಸಿ ಕೇಳಿದರು. ಇದು ವಿಷದ್ದಾ? ಕಡಿದರೆ ಏನು ಮಾಡಬೇಕು? ಪ್ರತಿ ಮುಂಗಾರಿನಲ್ಲೂ ಇವೇ ಪ್ರಶ್ನೆಗಳು. ಒಮ್ಮೆ ಬುಡದಿಂದಲೇ ಹೇಳೋಣ ಅನ್ನಿಸಿತು.

ಮಳೆ ಬಿದ್ದ ಕೂಡಲೇ ಯಾಕೆ ಕಾಣಿಸಿಕೊಳ್ಳುತ್ತದೆ?

ಚೇಳು ಎಲ್ಲಿಂದಲೋ ಬರುವುದಿಲ್ಲ. ವರ್ಷವಿಡೀ ನಮ್ಮ ಸುತ್ತಲೇ ಇರುತ್ತದೆ. ಹಗಲು ಬಿಲದಲ್ಲಿ, ಕಲ್ಲಿನ ಅಡಿಯಲ್ಲಿ, ಗೋಡೆಯ ಸಂದಿಯಲ್ಲಿ ಅಡಗಿ, ಕತ್ತಲಾದ ಮೇಲೆ ಹೊರಬರುತ್ತದೆ. ಗದಗ, ನವಲಗುಂದ, ಹಾವೇರಿ ಕಡೆಯ ಎರೆ ಹೊಲಗಳನ್ನು ಬೇಸಿಗೆಯಲ್ಲಿ ನೋಡಿದ್ದೀರಲ್ಲ? ನೆಲ ಅಂಗೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ಮೇಲೆ ಕಾದ ಹೆಂಚಿನಂತಿದ್ದರೂ ಬಿರುಕಿನ ಒಳಗೆ ತಂಪು. ಬಿಸಿಲು ಕಳೆಯಲು ಚೇಳಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕಾ?

ಮೊದಲ ದೊಡ್ಡ ಮಳೆಗೆ ಆ ಬಿರುಕಿಗೂ ಬಿಲಕ್ಕೂ ನೀರು ನುಗ್ಗುತ್ತದೆ. ಚೇಳು ಒಣ ಜಾಗ ಹುಡುಕಿಕೊಂಡು ಹೊರಡುತ್ತದೆ. ಅದೇ ಹೊತ್ತಿಗೆ ಗೆದ್ದಲು, ಜಿರಳೆ, ಮಿಡತೆ ಎಲ್ಲ ಎದ್ದು ಓಡಾಡುತ್ತವೆ, ಅಂದರೆ ಊಟವೂ ಹೊರಗೇ ಸಿಗುತ್ತದೆ. ನಮ್ಮ ಹಿತ್ತಲಲ್ಲಿ ಕುಳ್ಳಿನ ರಾಶಿ, ಹತ್ತಿ ಕಟ್ಟಿಗೆ, ಒಡೆದ ಹೆಂಚು, ಕಣಕಿ ಬಣವಿ ಇದ್ದೇ ಇರುತ್ತವೆ. ಹಳೆಯ ಮನೆಗಳಿಗೆ ಗಾರೆ ಉದುರಿದ ಕಲ್ಲಿನ ಗೋಡೆ ಬೇರೆ. ಚೇಳಿನ ಕಣ್ಣಿಗೆ ಇವೆಲ್ಲ ತಯಾರಾದ ಮನೆಗಳು.

ಎಂಟು ಕಾಲು, ಎರಡು ಇಕ್ಕಳ, ಒಂದು ಕೊಂಡಿ

ನಾವು ಮಾತಿಗೆ ಚೇಳನ್ನೂ ಹುಳ ಅನ್ನುತ್ತೇವೆ. ಆದರೆ ಇರುವೆ, ಜಿರಳೆಯಂತಹ ಕೀಟಗಳಿಗೆ ಆರು ಕಾಲು, ಚೇಳಿಗೆ ಎಂಟು. ಅದರ ಹತ್ತಿರದ ಬಳಗ ಜೇಡ ಮತ್ತು ಉಣ್ಣೆ. ಕೆರೆಯಲ್ಲಿ ಸಿಗುವ ನೀರುಚೇಳಿಗೆ ಹೆಸರು ಮಾತ್ರ ಚೇಳು. ಅದು ಆರು ಕಾಲಿನ ಕೀಟ, ಅದರ ಬಾಲವೆಂದರೆ ಉಸಿರಾಡುವ ನಳಿಕೆ.

ಚೇಳಿನ ಬಾಲವೂ ನಿಜಕ್ಕೆ ಬಾಲವಲ್ಲ, ಹೊಟ್ಟೆಯೇ ಸಪೂರವಾಗಿ ಹಿಂದಕ್ಕೆ ಮುಂದುವರಿದಿದೆ. ಐದು ಗಂಟು, ಅದರ ತುದಿಗೆ ವಿಷದ ಗುಳ್ಳೆ, ಗುಳ್ಳೆಗೊಂದು ಮುಳ್ಳು. ಇದೇ ಕೊಂಡಿ. ನಾವೆಲ್ಲ "ಚೇಳು ಕಡೀತು" ಅಂತ ಹೇಳಿದರೂ ಅದು ಬಾಯಿಂದ ಕಡಿಯುವುದಿಲ್ಲ, ಕೊಂಡಿಯಿಂದ ಚುಚ್ಚುತ್ತದೆ.

ತಲೆಯ ನಡುವೆ ಎರಡು ಕಣ್ಣು, ಅಂಚಿನಲ್ಲಿ ಇನ್ನೂ ಕೆಲವು. ಇಷ್ಟಿದ್ದರೂ ಅದು ಲೋಕವನ್ನು ತಿಳಿಯುವುದು ಹೆಚ್ಚಾಗಿ ಕಾಲಿನಿಂದ. ಹತ್ತಿರದಲ್ಲಿ ಒಂದು ಮಿಡತೆ ಅಲುಗಿದರೆ ನೆಲದ ಸಣ್ಣ ನಡುಕ ಕಾಲಿಗೆ ತಾಗುತ್ತದೆ. ಎಂಟು ಕಾಲಿನಲ್ಲಿ ಯಾವುದಕ್ಕೆ ಮೊದಲು ತಾಗಿತು ಅನ್ನುವುದರ ಮೇಲೆ ಯಾವ ದಿಕ್ಕು ಅಂತ ಗೊತ್ತಾಗುತ್ತದೆ. ಹೊಟ್ಟೆಯ ಕೆಳಗೆ ಬಾಚಣಿಗೆಯ ಹಲ್ಲಿನಂತಹ ಒಂದು ಜೋಡಿ ಅಂಗ ಇದೆ, ಬೇರೆ ಯಾವ ಪ್ರಾಣಿಗೂ ಅದಿಲ್ಲ. ನಡೆಯುವಾಗ ಅದನ್ನು ನೆಲಕ್ಕೆ ತಾಗಿಸುತ್ತಾ ವಾಸನೆ, ರುಚಿ ತಿಳಿಯುತ್ತದೆ.

ತಿನ್ನುವ ರೀತಿಯೂ ಬೇರೆ. ಬೇಟೆಯನ್ನು ಚೂರು ಮಾಡಿ, ಅದರ ಮೇಲೆ ಜೀರ್ಣರಸ ಬಿಟ್ಟು, ಕರಗಿದ್ದನ್ನು ಹೀರುತ್ತದೆ. ಆಮೇಲೆ ಎಷ್ಟೋ ದಿನ ಉಪವಾಸ ಇರಬಲ್ಲದು. ಕೆಲವು ಜಾತಿಗಳು ಒಂದು ವರ್ಷದವರೆಗೂ ಊಟವಿಲ್ಲದೆ ಬದುಕಿವೆ. ಚೇಳು ಇಷ್ಟು ಕಾಲ ಉಳಿದು ಬಂದದ್ದಕ್ಕೆ ಈ ತಾಳ್ಮೆಯೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಇಷ್ಟು ಕಾಲ ಅಂದರೆ ಎಷ್ಟು ಕಾಲ?

ಸತ್ತ ಪ್ರಾಣಿಯ ಮೇಲೆ ಕೆಸರು ಮುಚ್ಚಿ, ಆ ಕೆಸರು ಕೋಟ್ಯಂತರ ವರ್ಷಗಳಲ್ಲಿ ಕಲ್ಲಾದರೆ ಪ್ರಾಣಿಯ ಗುರುತು ಕಲ್ಲಿನೊಳಗೆ ಉಳಿಯುತ್ತದೆ. ಇದಕ್ಕೆ ಪಳೆಯುಳಿಕೆ ಅನ್ನುತ್ತಾರೆ. ಸ್ಕಾಟ್ಲೆಂಡಿನ ಪೆಂಟ್‌ಲ್ಯಾಂಡ್ ಬೆಟ್ಟಗಳಲ್ಲಿ ಸುಮಾರು 43 ಕೋಟಿ ವರ್ಷ ಹಳೆಯ ಚೇಳಿನ ಪಳೆಯುಳಿಕೆ ಸಿಕ್ಕಿದೆ.

43 ಕೋಟಿ ಅನ್ನುವ ಸಂಖ್ಯೆ ತಲೆಗೆ ಹೋಗುವುದಿಲ್ಲ, ಅಲ್ವಾ? ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೊರಟಿದ್ದೀರಿ ಅಂದುಕೊಳ್ಳಿ. ಅಂದಾಜು 20 ಕಿಲೋಮೀಟರ್ ದಾರಿ. ಧಾರವಾಡದಲ್ಲಿ ಬಸ್ ಹತ್ತಿದಾಗ ಆ ಹಳೆಯ ಚೇಳಿನ ಕಾಲ, ಹುಬ್ಬಳ್ಳಿಯಲ್ಲಿ ಇಳಿದಾಗ ಇವತ್ತು. ಹೊರಟು ಎರಡು ಕಿಲೋಮೀಟರ್ ಆಗುವ ತನಕ ಭೂಮಿಯ ಮೇಲೆ ಕಾಡು ಅನ್ನುವುದೇ ಇಲ್ಲ. ಡೈನೋಸಾರ್ ಬಸ್ ಹತ್ತುವುದು ಸುಮಾರು ಅರ್ಧ ದಾರಿಯಲ್ಲಿ, ನವನಗರದ ಆಸುಪಾಸು. ಅವು ಇಳಿದು ಹೋಗುವುದು ಉಣಕಲ್ ಕೆರೆಯ ಹತ್ತಿರ, ಹುಬ್ಬಳ್ಳಿಗೆ ಇನ್ನೂ ಮೂರು ಕಿಲೋಮೀಟರ್ ಇರುವಾಗ. ಮನುಷ್ಯ ಬರುವುದು ಕೊನೆಯ 14 ಮೀಟರಿನಲ್ಲಿ. ಆ ಬಸ್ಸಿನ ಉದ್ದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಚೇಳು ಮಾತ್ರ ಮೊದಲ ಸ್ಟಾಪಿನಿಂದ ಕೊನೆಯವರೆಗೂ ಅದೇ ಸೀಟಿನಲ್ಲಿ ಕೂತಿದೆ.

ಅದೇ ಸೀಟು ಅಂದದ್ದಕ್ಕೆ ಕಾರಣವಿದೆ. ಇಕ್ಕಳ, ಎಂಟು ಕಾಲು, ಗಂಟುಗಂಟಾದ ಬಾಲ, ಕೊಂಡಿ, ಈ ಮೈಕಟ್ಟು ಹೆಚ್ಚುಕಡಿಮೆ ಮೊದಲಿನಂತೆಯೇ ಇದೆ. ಹಳೆಯ ಪಳೆಯುಳಿಕೆಯ ಚಿತ್ರ ತೋರಿಸಿದರೆ ನಮ್ಮ ಆಯಿ ಕೂಡ ಕೂಡಲೇ "ಚೇಳು" ಅಂದಾರು.

ಬದಲಾದದ್ದು ಗಾತ್ರ. ಸ್ಕಾಟ್ಲೆಂಡಿನ ಈಸ್ಟ್ ಕರ್ಕ್‌ಟನ್ ಅನ್ನುವಲ್ಲಿ ಸುಮಾರು 33 ಕೋಟಿ ವರ್ಷ ಹಿಂದಿನ ಪಲ್ಮೊನೋಸ್ಕಾರ್ಪಿಯಸ್ ಅನ್ನುವ ಚೇಳಿನ ಪಳೆಯುಳಿಕೆ ಸಿಕ್ಕಿತು. ಉದ್ದ ಸುಮಾರು 70 ಸೆಂಟಿಮೀಟರ್. ಇಂಗ್ಲೆಂಡಿನಲ್ಲಿ ಅದಕ್ಕಿಂತ ಹಳೆಯ ಬ್ರಾಂಟೋಸ್ಕಾರ್ಪಿಯೋ ಅನ್ನುವ ಚೇಳಿನ ಇಕ್ಕಳದ ಒಂದು ಬೆರಳು ಮಾತ್ರ ಸಿಕ್ಕಿದೆ. ಅದರ ಅಳತೆಯಿಂದ ಲೆಕ್ಕ ಹಾಕಿ ಇಡೀ ಪ್ರಾಣಿ ಒಂದು ಮೀಟರಿನ ಹತ್ತಿರ ಇದ್ದಿರಬೇಕು ಅನ್ನುತ್ತಾರೆ. ಇವತ್ತಿನ ಅತಿ ದೊಡ್ಡ ಚೇಳುಗಳಲ್ಲಿ ಒಂದು ಭಾರತ ಮತ್ತು ಶ್ರೀಲಂಕಾದಲ್ಲಿದೆ. ಅದರ ಉದ್ದ ಹೆಚ್ಚೆಂದರೆ 23 ಸೆಂಟಿಮೀಟರ್, ಒಂದು ಗೇಣು.

ಪಲ್ಮೊನೋಸ್ಕಾರ್ಪಿಯಸ್ ಅಂದರೆ ಶ್ವಾಸಕೋಶದ ಚೇಳು. ಆ ಪಳೆಯುಳಿಕೆಗಳಲ್ಲಿ ಉಸಿರಾಡುವ ಅಂಗದ ಗುರುತೇ ಉಳಿದಿದೆ. ಇವತ್ತಿನ ಚೇಳಿನ ಹೊಟ್ಟೆಯಲ್ಲೂ ಪುಸ್ತಕದ ಹಾಳೆಗಳಂತೆ ತೆಳುವಾದ ಪದರಗಳಿವೆ. ಅವುಗಳ ನಡುವೆ ಗಾಳಿ ಆಡುತ್ತದೆ. ಅಂದರೆ 33 ಕೋಟಿ ವರ್ಷದ ಹಿಂದೆಯೇ ಚೇಳು ನೆಲದ ಮೇಲೆ ಗಾಳಿ ಉಸಿರಾಡುತ್ತಿತ್ತು. ಅದಕ್ಕೂ ಮೊದಲಿನವು ನೀರಿನಲ್ಲಿದ್ದವಾ, ನೆಲದ ಮೇಲಿದ್ದವಾ ಅನ್ನುವ ಚರ್ಚೆ ಇನ್ನೂ ನಡೆದಿದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸಿಕ್ಕ 43.7 ಕೋಟಿ ವರ್ಷದ ಒಂದು ಪ್ರಾಣಿಯನ್ನು ಎಲ್ಲಕ್ಕಿಂತ ಹಳೆಯ ಚೇಳು ಅಂತ 2020ರಲ್ಲಿ ಪ್ರಕಟಿಸಿದರು. ಮರುವರ್ಷವೇ ಬೇರೆ ವಿಜ್ಞಾನಿಗಳು ಅದನ್ನು ಮತ್ತೆ ಪರೀಕ್ಷಿಸಿ, ಇದು ಚೇಳೇ ಅಲ್ಲ ಅಂದರು. ಪಳೆಯುಳಿಕೆ ಓದುವುದು ಹೀಗೆ, ಹರಿದ ಪತ್ರ ಜೋಡಿಸಿ ಓದಿದ ಹಾಗೆ.

ಧಾರವಾಡದ ಕಲ್ಲಿನಲ್ಲಿ ಹುಡುಕಿದರೆ ಸಿಗುತ್ತದಾ?

ಇದನ್ನು ನನ್ನ ಅಣ್ಣನ ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಯಾಕೆಂದರೆ ನಮ್ಮ ಕಡೆಯ ಧಾರವಾಡದ ಹೆಸರು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿದೆ. 19ನೇ ಶತಮಾನದ ಕೊನೆಗೆ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿನ ಕಲ್ಲುಗಳನ್ನು ಅಧ್ಯಯನ ಮಾಡಿ ಅವಕ್ಕೆ ಧಾರವಾಡ ಶಿಲೆಗಳು ಅಂತ ಹೆಸರಿಟ್ಟರು. ಗದಗ ಜಿಲ್ಲೆಯ ಕಪ್ಪತಗುಡ್ಡದ ಕಲ್ಲುಗಳೂ ಅದೇ ಬಳಗದವು.

ಆದರೆ ಅದರಲ್ಲಿ ಚೇಳಿನ ಪಳೆಯುಳಿಕೆ ಸಿಗುವುದಿಲ್ಲ. ಹುಡುಕಿದವರ ತಪ್ಪಲ್ಲ, ಕಲ್ಲೇ ತುಂಬಾ ಹಳೆಯದು. 260 ಕೋಟಿ ವರ್ಷಕ್ಕೂ ಹಿಂದಿನದು. ಆಗ ಇದ್ದ ಜೀವವೆಂದರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ. ಅದೇ ಬಸ್ಸಿನ ಲೆಕ್ಕದಲ್ಲಿ ಹೇಳುವುದಾದರೆ ಈ ಕಲ್ಲು ಧಾರವಾಡದಲ್ಲಿ ಬಸ್ ಹತ್ತಿಲ್ಲ, ಬೆಳಗಾವಿಯನ್ನೂ ದಾಟಿ ಆಚೆಯಿಂದ ಬರುತ್ತಿದೆ. ಕಪ್ಪತಗುಡ್ಡದಲ್ಲಿ ಕಲ್ಲೊಂದನ್ನು ಎತ್ತಿದಾಗ ಚೇಳು ಕಂಡರೆ, ಮನೆ ಮಾಡಿಕೊಂಡವನಿಗಿಂತ ಮನೆ ಆರು ಪಟ್ಟು ಹಳೆಯದು ಅಂತ ತಿಳಿಯಿರಿ.

ಹೊಟ್ಟೆ ಒಡೆಯುವುದಿಲ್ಲ, ಬೆನ್ನು ಕೊಡುತ್ತದೆ

ಈಗ ಆಯಿಯ ಮಾತಿಗೆ ಬರೋಣ. ಚೇಳು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಅದಕ್ಕೂ ಮೊದಲು ತಿಂಗಳುಗಟ್ಟಲೆ ಬಸಿರು. ಹುಟ್ಟಿದ ಮರಿ ಮೆತ್ತಗೆ, ಬೆಳ್ಳಗೆ ಇರುತ್ತದೆ. ಸ್ವಂತ ಬೇಟೆಯಾಡಲು, ಕಾದಾಡಲು ಆಗುವುದಿಲ್ಲ. ಅದಕ್ಕೇ ತಾಯಿಯ ಕಾಲು ಹಿಡಿದು ಬೆನ್ನಿಗೆ ಹತ್ತುತ್ತದೆ. ಮೊದಲ ಪೊರೆ ಕಳಚುವ ತನಕ, ಅಂದರೆ ಒಂದೆರಡು ವಾರ ಅಲ್ಲೇ ಇರುತ್ತದೆ. ಆಮೇಲೆ ಇಳಿದು ತನ್ನ ದಾರಿ ಹಿಡಿಯುತ್ತದೆ. ತಾಯಿ ಬದುಕಿಯೇ ಇರುತ್ತದೆ.

ಹಾಗಾದರೆ ಆ ಮಾತು ಹೇಗೆ ಹುಟ್ಟಿತು? ಬೆನ್ನ ತುಂಬ ಮುತ್ತಿಕೊಂಡ ಮರಿಗಳನ್ನು ದೂರದಿಂದ ನೋಡಿದವರಿಗೆ ಅವು ತಾಯಿಯ ಮೈ ಸೀಳಿ ಬಂದಂತೆ ಕಂಡಿರಬಹುದು. ಹತ್ತಿರ ಹೋಗಿ ನೋಡುವ ಧೈರ್ಯ ಯಾರಿಗಿತ್ತು?

ಅವತ್ತು ರಾತ್ರಿ ನಾನು ನೋಟು ಅಸಲಿಯಾ ಅಂತ ನೋಡುವ ನೇರಳೆ ಬೆಳಕಿನ ಟಾರ್ಚ್ ಹಿಡಿದು ಹಿತ್ತಲಿಗೆ ಹೋದೆ. ಒಂದು ಕೋಲಿನಿಂದ ಕಲ್ಲಿನ ಅಂಚು ಎತ್ತಿದೆ. ಹಗಲು ಕರ್ರಗಿದ್ದ ತಾಯಿ ಹಸಿರು ಬೆಳಕಾಗಿ ಹೊಳೆಯಿತು, ರೇಡಿಯಂ ಗಡಿಯಾರದ ಮುಳ್ಳಿನ ಹಾಗೆ. ಬೆನ್ನ ಮೇಲಿನ ಮರಿಗಳು ಮಾತ್ರ ಹೊಳೆಯಲಿಲ್ಲ. ಚೇಳಿನ ಗಟ್ಟಿ ಚಿಪ್ಪಿನಲ್ಲಿರುವ ಕೆಲವು ರಾಸಾಯನಿಕಗಳು ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹೀರಿ ಹಸಿರಾಗಿ ಹೊರಗೆ ಬಿಡುತ್ತವೆ. ಎಳೆಯ ಚರ್ಮದಲ್ಲಿ ಅವು ಇನ್ನೂ ಕೂಡಿರುವುದಿಲ್ಲ. ಹಾಗಾಗಿ ಹೊಸದಾಗಿ ಪೊರೆ ಬಿಟ್ಟ ದೊಡ್ಡ ಚೇಳು ಕೂಡ ಚಿಪ್ಪು ಗಟ್ಟಿಯಾಗುವ ತನಕ ಹೊಳೆಯುವುದಿಲ್ಲ. ಈ ಹೊಳಪಿನಿಂದ ಚೇಳಿಗೇನು ಲಾಭ ಅನ್ನುವುದಕ್ಕೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ನಮಗಂತೂ ಲಾಭವಿದೆ. ರಾತ್ರಿ ಹಿತ್ತಲಿಗೆ ಹೋಗುವ ಮನೆಗಳಲ್ಲಿ ಇಂಥ ಒಂದು ಟಾರ್ಚ್ ಇದ್ದರೆ ಚೇಳು ಮಾರು ದೂರದಿಂದಲೇ ಕಾಣುತ್ತದೆ.

ದೊಡ್ಡ ಕರಿ ಚೇಳಾ, ಸಣ್ಣ ಕೆಂಚೇಳಾ?

ಜಗತ್ತಿನಲ್ಲಿ 2,500ಕ್ಕೂ ಜಾಸ್ತಿ ಜಾತಿಯ ಚೇಳುಗಳಿವೆ, ಭಾರತದಲ್ಲೇ 100ಕ್ಕೂ ಜಾಸ್ತಿ. ಎಲ್ಲಕ್ಕೂ ವಿಷ ಇದೆ. ಆದರೆ ಮನುಷ್ಯನ ಜೀವ ತೆಗೆಯಬಲ್ಲವು ಬೆರಳೆಣಿಕೆಯಷ್ಟು. ದುರದೃಷ್ಟಕ್ಕೆ ಅವುಗಳಲ್ಲಿ ಒಂದು ನಮ್ಮ ಕಡೆಯದ್ದೇ. ಕೆಂಚೇಳು, ಅಂದರೆ ಭಾರತದ ಕೆಂಪು ಚೇಳು. ಮಹಾರಾಷ್ಟ್ರ, ಕರ್ನಾಟಕ, ಆಂಧ್ರ, ತಮಿಳುನಾಡುಗಳಲ್ಲಿ ಇದು ಸಿಗುತ್ತದೆ.

ಕಂಡು ಹಿಡಿಯಲು ಸುಲಭದ ಒಂದು ಗುರುತಿದೆ. ಇಕ್ಕಳ ದಪ್ಪ, ಬಾಲ ಸಪೂರ ಇದ್ದರೆ ಸಾಮಾನ್ಯವಾಗಿ ಅಪಾಯ ಕಡಿಮೆ. ಅದು ಬೇಟೆಯನ್ನು ಇಕ್ಕಳದಿಂದಲೇ ಜಜ್ಜುತ್ತದೆ, ವಿಷದ ಮೇಲೆ ಜಾಸ್ತಿ ನಂಬಿಕೊಂಡಿಲ್ಲ. ಇಕ್ಕಳ ಸಪೂರ, ಬಾಲ ದಪ್ಪ ಇದ್ದರೆ ಹುಷಾರು. ಅದರ ಬಲವೆಲ್ಲ ಕೊಂಡಿಯಲ್ಲಿದೆ. ಕೆಂಚೇಳು ಈ ಎರಡನೆಯ ಬಗೆ. ನೋಡಲು ಸಣ್ಣದು, ಬಣ್ಣ ಕೇಸರಿಯಿಂದ ಕೆಂಪು ಮಿಶ್ರಿತ ಕಂದು. ದೊಡ್ಡ ಕರಿ ಚೇಳು ನೋಡಿ ಹೌಹಾರುವ ನಾವು ಈ ಸಣ್ಣದನ್ನು ಲಘುವಾಗಿ ನೋಡುತ್ತೇವೆ. ತಪ್ಪಾಗುವುದು ಅಲ್ಲೇ. ಗುರುತು ಹಿಡಿಯಲು ಹೋಗಿ ಹೊತ್ತು ಕಳೆಯಬಾರದು ಅನ್ನುವುದೂ ಅಷ್ಟೇ ಮುಖ್ಯ. ಕುಟುಕಿದ್ದು ಯಾವುದೇ ಇರಲಿ, ಮುಂದೆ ಮಾಡಬೇಕಾದದ್ದು ಒಂದೇ.

ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರ ಪಂಚಮಿಯ ದಿನ ಬೆಟ್ಟದ ಕಲ್ಲು ಎತ್ತಿ, ಚೇಳು ಹಿಡಿದು ಕೈಮೇಲೆ, ಮುಖದ ಮೇಲೆ ಬಿಟ್ಟುಕೊಳ್ಳುತ್ತಾರೆ. ಇದನ್ನು ನೋಡಿದವರು "ಹಾಗಾದರೆ ವಿಷ ಎಲ್ಲಿ?" ಅಂತ ಕೇಳುತ್ತಾರೆ. ಚೇಳು ಸುಮ್ನೆ ಕುಟುಕುವ ಪ್ರಾಣಿಯಲ್ಲ. ಖಾಲಿಯಾದ ವಿಷ ಮತ್ತೆ ತುಂಬಲು ಅದಕ್ಕೆ ದಿನಗಳು ಬೇಕು, ಅದಕ್ಕೇ ಜೋಪಾನವಾಗಿ ಬಳಸುತ್ತದೆ. ಒತ್ತಿದರೆ, ತುಳಿದರೆ, ಸಂದಿಯಲ್ಲಿ ಕೈ ಹಾಕಿದರೆ ಕುಟುಕುತ್ತದೆ. ಆದರೆ ಆ ಧೈರ್ಯ ಮನೆಯಲ್ಲಿ ಮಾಡಲು ಹೋಗಬೇಡಿ.

ಕೆಂಚೇಳಿನ ವಿಷ ಒಳಗೆ ಏನು ಮಾಡುತ್ತದೆ?

ನಮ್ಮ ನರಗಳಲ್ಲಿ ಲಕ್ಷಾಂತರ ಸಣ್ಣ ಬಾಗಿಲುಗಳಿವೆ. ಸುದ್ದಿ ಹೋಗಬೇಕಾದಾಗ ತೆರೆಯುತ್ತವೆ, ಹೋದ ಮೇಲೆ ಮುಚ್ಚುತ್ತವೆ. ಚೇಳಿನ ವಿಷ ಈ ಬಾಗಿಲು ಸರಿಯಾಗಿ ಮುಚ್ಚದಂತೆ ಕಾಲು ಅಡ್ಡ ಇಡುತ್ತದೆ. ನರ ಒಂದೇ ಸಮ ಕೂಗುತ್ತಲೇ ಇರುತ್ತದೆ. ಹುಲಿ ಎದುರಾದಾಗ ಮೈಯಲ್ಲಿ ಉಕ್ಕುವ ರಸಗಳು ಈಗ ಕಾರಣವಿಲ್ಲದೆ ಹೊಳೆಯಾಗಿ ಹರಿಯುತ್ತವೆ.

ಅದರಿಂದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಬೋರ್‌ವೆಲ್ ಮೋಟರ್ ಚಾಲೂ ಇಟ್ಟು ವಾಲ್ವ್ ಬಂದ್ ಮಾಡಿದರೆ ಏನಾಗುತ್ತದೆ? ಮೋಟರ್ ಗುರುಗುಟ್ಟುತ್ತದೆ, ನೀರು ಮುಂದೆ ಹೋಗುವುದಿಲ್ಲ, ಒತ್ತಡ ಹಿಂದಕ್ಕೆ ಬರುತ್ತದೆ. ಇಲ್ಲಿ ಮೋಟರ್ ಅಂದರೆ ಹೃದಯ. ಅದು ಸೋಲುತ್ತಾ ಬಂದ ಹಾಗೆ ಹಿಂದಕ್ಕೆ ಬಂದ ಒತ್ತಡಕ್ಕೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಕೆಂಚೇಳು ಕುಟುಕಿ ಸತ್ತವರಲ್ಲಿ ಹೆಚ್ಚಿನವರು ಸಾಯುವುದು ಹೀಗೆ. ಮೈ ಸಣ್ಣದಾದ್ದರಿಂದ ಮಕ್ಕಳಿಗೆ ಅಪಾಯ ಜಾಸ್ತಿ.

ಇದನ್ನು ಬಿಡಿಸಿ ತೋರಿಸಿದವರು ನಮ್ಮ ನೆರೆಯ ಮಹಾರಾಷ್ಟ್ರದ ಡಾ. ಹಿಮ್ಮತರಾವ್ ಬಾವಸ್ಕರ್. ಕೊಂಕಣದ ಹಳ್ಳಿಗಳಲ್ಲಿ ಸರ್ಕಾರಿ ವೈದ್ಯರಾಗಿದ್ದಾಗ ಚೇಳು ಕುಟುಕಿದ ರೋಗಿಗಳ ಪಕ್ಕದಲ್ಲೇ ಕೂತು ನಾಡಿ, ರಕ್ತದೊತ್ತಡ, ಉಸಿರು ಎಲ್ಲ ಬರೆದಿಟ್ಟುಕೊಂಡರು. ರಕ್ತದೊತ್ತಡಕ್ಕೆ ಕೊಡುತ್ತಿದ್ದ ಪ್ರಾಜೋಸಿನ್ ಅನ್ನುವ ಅಗ್ಗದ ಮಾತ್ರೆ ಬಿಗಿದ ರಕ್ತನಾಳವನ್ನು ಸಡಿಲಿಸುತ್ತದೆ, ಅಂದರೆ ಬಂದ್ ಆದ ವಾಲ್ವ್ ತೆರೆಯುತ್ತದೆ. ಅದನ್ನೇ ಕೊಟ್ಟು ನೋಡಿದರು. ಫಲಿತಾಂಶ 1986ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೊದಲು ವಿಷ ಮೈಗೇರಿದ ನೂರು ಜನರಲ್ಲಿ ಸುಮಾರು 30 ಜನ ಸಾಯುತ್ತಿದ್ದರು. ಈ ಚಿಕಿತ್ಸೆ ಬಂದ ಮೇಲೆ ಅದು 4ಕ್ಕಿಂತ ಕೆಳಗೆ ಇಳಿಯಿತು. ಪ್ರಾಜೋಸಿನ್ ಜೊತೆ ಚೇಳಿನ ವಿಷಕ್ಕೆ ಪ್ರತಿವಿಷವನ್ನೂ ಕೊಟ್ಟರೆ ರೋಗಿ ಬೇಗ ಚೇತರಿಸಿಕೊಳ್ಳುತ್ತಾನೆ ಅನ್ನುವುದನ್ನು 2011ರಲ್ಲಿ ಅವರೇ ತೋರಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಒಬ್ಬ ಹಳ್ಳಿಯ ವೈದ್ಯ ರೋಗಿಯ ಹಾಸಿಗೆಯ ಪಕ್ಕ ಕೂತು ಇಷ್ಟು ಜೀವ ಉಳಿಸಿದ್ದನ್ನು ಓದಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ.

ಮಂತ್ರ ಹಾಕಿದರೆ ಇಳಿಯುತ್ತದಲ್ಲ?

ನಮ್ಮ ಕಡೆ ಚೇಳಿನ ಮಂತ್ರ ಬಲ್ಲವರು ಇನ್ನೂ ಇದ್ದಾರೆ. ಅವರ ಹತ್ತಿರ ಹೋಗಿ ವಾಸಿಯಾದವರೂ ಇದ್ದಾರೆ, ಅವರು ಸುಳ್ಳು ಹೇಳುತ್ತಿಲ್ಲ. ಹೆಚ್ಚಿನ ಚೇಳುಗಳ ವಿಷ ಕುಟುಕಿದ ಜಾಗದಲ್ಲಿ ಮಾತ್ರ ಉರಿಯುತ್ತದೆ, ಏರುತ್ತದೆ, ಕೆಲವು ತಾಸಿಗೆ ತಾನೇ ಇಳಿಯುತ್ತದೆ. ಆ ಹೊತ್ತಿನಲ್ಲಿ ಮಂತ್ರ ಹಾಕಿದ್ದರೆ ಮಂತ್ರಕ್ಕೆ ಹೆಸರು, ಈರುಳ್ಳಿ ತಿಕ್ಕಿದ್ದರೆ ಈರುಳ್ಳಿಗೆ ಹೆಸರು. ತೊಂದರೆ ಬರುವುದು ಕುಟುಕಿದ್ದು ಕೆಂಚೇಳಾದಾಗ. ಆಗ ಕಟ್ಟೆಯ ಮೇಲೆ ಕಳೆದ ಎರಡು ತಾಸೇ ಆಸ್ಪತ್ರೆಯಲ್ಲಿ ಬೇಕಾಗಿದ್ದ ಎರಡು ತಾಸು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ನೋವು ಜೋರಾಗಿದ್ದರೆ ವಿಷ ಜಾಸ್ತಿ, ನೋವು ಕಡಿಮೆ ಇದ್ದರೆ ಪರವಾಗಿಲ್ಲ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೆಂಚೇಳಿನ ವಿಷ ಮೈಗೇರಿದವರಿಗೆ ಎಷ್ಟೋ ಸಲ ನೋವು ಅಷ್ಟಾಗಿ ಇರುವುದಿಲ್ಲ. ನೋಡಬೇಕಾದದ್ದು ಬೇರೆ. ಮೈಯೆಲ್ಲ ಬೆವರಿ ಅಂಗಿ ತೊಯ್ಯುತ್ತಿದೆಯಾ? ವಾಂತಿ ಆಗುತ್ತಿದೆಯಾ? ಬಾಯಲ್ಲಿ ಜೊಲ್ಲು ಸುರಿಯುತ್ತಿದೆಯಾ? ಕೈಕಾಲು ತಣ್ಣಗಾಗಿವೆಯಾ? ಇದರಲ್ಲಿ ಒಂದು ಕಂಡರೂ ತಡ ಮಾಡಬಾರದು. ಮಕ್ಕಳಾದರೆ ಯಾವ ಲಕ್ಷಣಕ್ಕೂ ಕಾಯದೆ ಹೊರಡಬೇಕು.

ದಾರಿಯಲ್ಲಿ ಮಾಡಬೇಕಾದದ್ದು ಸ್ವಲ್ಪವೇ. ಬಿಗಿಯಾದ ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಸೋಪು, ನೀರಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗ ಬಿಗಿಯಬೇಡಿ. ಚೇಳು ಹಿಡಿದುಕೊಂಡು ಹೋಗುವ ಅಗತ್ಯವೂ ಇಲ್ಲ, ದೂರದಿಂದ ಒಂದು ಫೋಟೊ ಸಾಕು. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ವೈದ್ಯರು ಮಕ್ಕಳನ್ನು ಒಂದು ದಿನ ಇಟ್ಟುಕೊಂಡು ನೋಡಬೇಕು ಅಂದರೆ "ಈಗ ಆರಾಮ ಆಗ್ಯಾನ" ಅಂತ ಕರೆದುಕೊಂಡು ಬರಬೇಡಿ. ಹೃದಯದ ತೊಂದರೆ ತಡವಾಗಿಯೂ ಕಾಣಿಸಿಕೊಳ್ಳಬಹುದು.

ಮುಂಗಾರು ಮುಗಿಯುವ ತನಕ ಚಪ್ಪಲಿ, ಬೂಟು ಜಾಡಿಸಿ ಹಾಕಿಕೊಳ್ಳಿ. ಕುಳ್ಳು, ಕಟ್ಟಿಗೆ ತೆಗೆಯುವಾಗ ಬರಿಗೈ ಹಾಕಬೇಡಿ, ಮೊದಲು ಕೋಲಿನಿಂದ ಅಲುಗಿಸಿ. ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ. ಕೋಳಿ ಸಾಕಿದ ಮನೆಯಲ್ಲಿ ಅವು ಹಿತ್ತಲು ಕೆದರಿ ಚೇಳನ್ನೂ ಹೆಕ್ಕಿ ತಿನ್ನುತ್ತವೆ.

ನಮ್ಮ ಹಿತ್ತಲ ಚೇಳಿನ ಸುದ್ದಿ ಇನ್ನು ಸ್ವಲ್ಪ ಇದೆ. ಹನ್ನೊಂದನೆಯ ರಾತ್ರಿ ಅದೇ ಟಾರ್ಚ್ ಹಿಡಿದು ಹೋದೆ. ಈ ಸಲ ಆಯಿಯೂ ಜೊತೆಗಿದ್ದರು. ಕಲ್ಲಿನ ಅಡಿ ತಾಯಿ ಇತ್ತು, ಬೆನ್ನು ಖಾಲಿ. ಪಕ್ಕದ ಮಣ್ಣಿನಲ್ಲಿ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಬಿಳಿ ಪೊರೆಗಳು ಬಿದ್ದಿದ್ದವು. ಆಯಿ ತಾಯಿಯನ್ನು ಬಹಳ ಹೊತ್ತು ನೋಡಿದರು. "ಜೀವಂತ ಐತಲ್ಲೋ" ಅಂದರು. ಆಮೇಲೆ ಕುಳ್ಳಿನ ರಾಶಿಯ ಕಡೆ ಬೆರಳು ತೋರಿಸಿದರು. ಅಲ್ಲಿ ಗೋಡೆಯ ಬುಡದಲ್ಲಿ ಜೋಳದ ಕಾಳಿನಷ್ಟು ಒಂದು ಹಸಿರು ಚುಕ್ಕೆ ಮಂದವಾಗಿ ಹೊಳೆಯುತ್ತಾ ಸಂದಿಯೊಳಗೆ ಹೋಗುತ್ತಿತ್ತು.